ತೊಳೆಯದೆ ಇಟ್ಟದ್ದು

ಜನವರಿ 19

ಮಗಳಿಗೆ,

ಈ ಪತ್ರದ ಜೊತೆ ಒಂದು ಪಾರ್ಸೆಲ್ ಬರುತ್ತದೆ. ಒಳಗೆ ನಿನ್ನ ಅಮ್ಮನ ಬೂದು ಬಣ್ಣದ ಸ್ವೆಟರ್ ಇದೆ. ಫೋನ್ ಮಾಡಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೆ ದನಿ ಏರಿಸುತ್ತೇವೆ, ನಾಲ್ಕನೆಯದಕ್ಕೆ ಯಾರಾದರೊಬ್ಬರು ಇಟ್ಟುಬಿಡುತ್ತೇವೆ. ಕಾಗದದ ಮೇಲೆ ಕಿರುಚಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅವಳು ಹೋದ ಮೇಲೆ ಅವಳ ಬಟ್ಟೆಯನ್ನೆಲ್ಲ ತೊಳೆದು, ಇಸ್ತ್ರಿ ಮಾಡಿ, ಬೇಕಾದವರಿಗೆ ಕೊಟ್ಟೆ. ಇದೊಂದನ್ನು ಮಾತ್ರ ತೊಳೆದಿರಲಿಲ್ಲ. ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಸೆಕೆ ಅಂತ ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದ್ದಳು. ಹಾಗೆಯೇ ಪ್ಲಾಸ್ಟಿಕ್ ಕವರಿಗೆ ಹಾಕಿ, ಗಾಳಿ ತೆಗೆದು, ಅಂಗಡಿಯ ಅಲಮಾರಿನ ಮೇಲಿನ ಅರೆಯಲ್ಲಿಟ್ಟಿದ್ದೆ. ಜೀವಮಾನವಿಡೀ ಊರವರ ಬಟ್ಟೆಯಿಂದ ವಾಸನೆ ತೆಗೆಯುತ್ತಾ ಬಂದ ಲಾಂಡ್ರಿಯವನು ಒಂದು ಬಟ್ಟೆಯ ವಾಸನೆ ಕಾಯುತ್ತಾ ಕೂತ ಅಂದರೆ ನಗು ಬರುತ್ತದೆ, ಗೊತ್ತು. ಭಾನುವಾರ ಅಂಗಡಿಯ ಬಾಗಿಲು ಎಳೆದ ಮೇಲೆ ಕವರಿನ ಬಾಯಿಯನ್ನು ಒಂದು ಬೆರಳಷ್ಟು ತೆಗೆದು, ಮೂಸಿ, ತಕ್ಷಣ ಮುಚ್ಚುತ್ತಿದ್ದೆ. ಜಾಸ್ತಿ ತೆಗೆದರೆ ಬೇಗ ಖರ್ಚಾಗುತ್ತದೆ.

ಹೋದ ತಿಂಗಳು ಜ್ವರ ಬಂದು ಮಲಗಿದ್ದೆ. ಎದ್ದ ಮೇಲೆ ತೆಗೆದು ನೋಡಿದರೆ ಏನೂ ಇಲ್ಲ. ಮುಂದಿನ ಭಾನುವಾರವೂ ಇಲ್ಲ. ಕವರನ್ನು ಪೂರ್ತಿ ಬಿಚ್ಚಿ ಮುಖವನ್ನೇ ಒತ್ತಿ ನೋಡಿದೆ, ಆಗಲೂ ಇಲ್ಲ. ಉಣ್ಣೆ ಬೇರೆ ಬಟ್ಟೆಗಿಂತ ಜಾಸ್ತಿ ದಿನ ಹಿಡಿದಿಟ್ಟುಕೊಳ್ಳುತ್ತದೆ, ಆದರೆ ಅದಕ್ಕೂ ಒಂದು ಕಾಲ ಇದೆ. ಅದು ಮುಗಿಯಿತು ಅಂದುಕೊಂಡೆ. ವಾಸನೆ ಹೋದ ಮೇಲೆ ಅದು ಬರೀ ಕೊಳೆ ಬಟ್ಟೆ. ಕೊಳೆ ಬಟ್ಟೆ ಇಟ್ಟುಕೊಂಡು ಏನು ಮಾಡಲಿ?

ಮೆಷಿನ್ನಿಗೆ ಹಾಕದೆ ಕೈಯಲ್ಲೇ ತೊಳೆದೆ. ತಣ್ಣೀರು, ಮೆತ್ತನೆಯ ಸೋಪು, ಕೊನೆಯ ನೀರಿಗೆ ಒಂದಿಷ್ಟು ವಿನಿಗರ್. ಮೊಣಕೈ ಹತ್ತಿರ ಎಳೆ ಬಿಟ್ಟಿತ್ತು, ಪಕ್ಕದಂಗಡಿಯಲ್ಲಿ ಗುಂಡಿ ಹೊಲಿಯುತ್ತಾಳಲ್ಲ, ನಮ್ಮ ಗುಂಡಿ ಅಕ್ಕ, ಅವಳು ಸರಿಮಾಡಿಕೊಟ್ಟಳು. ನಿನ್ನ ಅಳತೆಗೆ ಆಗುತ್ತದೆ. ಹಾಕಿಕೋ.

ಅಪ್ಪ


ಫೆಬ್ರವರಿ 2

ಅಪ್ಪ,

ಸ್ವೆಟರ್ ಬಂತು. ಅಮ್ಮ ತೀರಿಕೊಂಡ ತಿಂಗಳಲ್ಲಿ ನಾನು ಆ ಮನೆಯ ಮೆಟ್ಟಿಲು ಇಳಿದು ಬಂದ ಮೇಲೆ ನಿನ್ನಿಂದ ಬಂದ ಮೊದಲ ವಸ್ತು ಇದು.

ನಾನು ಎಣ್ಣೆ ಉಜ್ಜುವ ಕೆಲಸ ಮಾಡುವ ವೃದ್ಧರ ಆರೈಕೆ ಮನೆಯ ವಿಳಾಸಕ್ಕೇ ಕಳಿಸಿದ್ದೀಯ. ಊಟದ ಕೋಣೆಯಲ್ಲಿ ಎಲ್ಲರ ಎದುರೇ ಪಾರ್ಸೆಲ್ ಬಿಚ್ಚಿದೆ, ಯೋಚನೆಯೂ ಮಾಡದೆ ಮುಖ ಅದರೊಳಗೆ ಹಾಕಿದೆ. ವಿನಿಗರ್ ಎಷ್ಟು ಹೊಡೆಯಿತೆಂದರೆ ಪಕ್ಕದಲ್ಲಿ ಕೂತಿದ್ದ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡರು. ನೀನು ಬಟ್ಟೆಯಲ್ಲಿ ವಿನಿಗರ್ ಉಳಿಸುವವನೇ ಅಲ್ಲ. ಚಿಕ್ಕವಳಿದ್ದಾಗ ನಾನು ಜಾಲಿಸಿದ್ದು ಸಾಲದು ಅಂತ ಬಕೆಟ್ಟನ್ನೇ ಕಿತ್ತುಕೊಳ್ಳುತ್ತಿದ್ದೆ. ಅಷ್ಟು ಅವಸರ ಏನಿತ್ತು?

ಜ್ವರ ಬಂದದ್ದು ಏಕೆ ತಿಳಿಸಲಿಲ್ಲ ಅಂತ ಕೇಳುವುದಿಲ್ಲ. ಕೇಳಿದರೆ ನಿನ್ನ ಲೆಕ್ಕದ ನಾಲ್ಕನೇ ಮಾತು ಬರುತ್ತದೆ. ಒಂದೇ ಒಂದು ಮಾತು ಬರೆದು ಮುಗಿಸುತ್ತೇನೆ. ನೀರಿಗೆ ಹಾಕುವ ಮೊದಲು ಒಂದು ಸಲ ನನಗೆ ಕಳಿಸಬಹುದಿತ್ತು. ನಾನೂ ಅವಳ ಮಗಳೇ.

ಮಗಳು


ಮಾರ್ಚ್ 6

ಮಗಳಿಗೆ,

ಈ ಪತ್ರ ಬರೆಯಲು ಕೂತು ಎದ್ದು, ಕೂತು ಎದ್ದು, ಇವತ್ತು ಬರೆದೇ ತೀರುತ್ತೇನೆ ಅಂತ ಅಂಗಡಿಗೆ ಬೀಗ ಹಾಕಿ ಕೂತಿದ್ದೇನೆ.

ಹೋದ ವಾರ ನಮ್ಮ ಹಳೆಯ ಗಿರಾಕಿ, ಆ ಶಾಲೆಯ ಲೆಕ್ಕದ ಮೇಷ್ಟ್ರು, ತೊಳೆದು ಕೊಟ್ಟ ಕೋಟನ್ನು ವಾಪಸು ತಂದರು. "ಇದನ್ನ ನಿಜವಾಗ್ಲೂ ತೊಳೆದಿದ್ದೀರಾ? ಮಗು ಹಾಲು ಕಕ್ಕಿದ್ದು ಹಾಗೇ ಇದೆ" ಅಂದರು. ನಾನು ಕೋಟನ್ನು ಮೂಸಿದೆ. ಏನೂ ಇರಲಿಲ್ಲ. "ನಿಮ್ಮ ಮೂಗು ತೋರಿಸ್ಕೊಳಿ" ಅಂದುಬಿಟ್ಟೆ. ಮಾತಿಗೆ ಮಾತು ಬೆಳೆಯಿತು. ಗಲಾಟೆ ಕೇಳಿ ಗುಂಡಿ ಅಕ್ಕ ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಬಂದಳು. ಬಾಗಿಲಲ್ಲೇ ನಿಂತು, ಸೂಜಿ ತೆಗೆದು, "ಅಣ್ಣಾ, ಇಲ್ಲಿಗೇ ಹೊಡೀತಾ ಇದೆ" ಅಂದಳು.

ಮೇಷ್ಟ್ರು ಹೋದ ಮೇಲೆ ಹಿಂದಿನ ಕೋಣೆಗೆ ಹೋಗಿ ವಿನಿಗರ್ ಬಾಟಲಿ ತೆಗೆದು ಮೂಸಿದೆ. ನೀರು ಮೂಸಿದ ಹಾಗಿತ್ತು. ಕಲೆ ತೆಗೆಯುವ ದ್ರಾವಣದ ಡಬ್ಬಿ ತೆಗೆದೆ, ಅದನ್ನು ತೆಗೆದರೆ ಕಣ್ಣಲ್ಲಿ ನೀರು ಬರಬೇಕು, ಬಂತು. ವಾಸನೆ ಮಾತ್ರ ಇಲ್ಲ. ಫಿನಾಯಿಲ್ ಇಲ್ಲ, ಬೆಂಕಿಕಡ್ಡಿ ಗೀರಿದರೆ ಇಲ್ಲ. ಮನೆಯಲ್ಲಿ ಒಲೆಯ ಮೇಲೆ ಹಾಲಿಟ್ಟು ಮರೆತು, ಪಾತ್ರೆ ಕರಟಿ, ಹೊಗೆ ಕಣ್ಣಿಗೆ ಕಂಡ ಮೇಲೆ ಎದ್ದು ಹೋಗಿದ್ದು ಆಗ ನೆನಪಾಯಿತು. ವಯಸ್ಸಾಯಿತು, ಮರೆವು ಅಂದುಕೊಂಡಿದ್ದೆ.

ನಿನಗೆ ಆಗಲೇ ಅರ್ಥವಾಗಿರುತ್ತದೆ. ನನಗೆ ಆ ಹಿಂದಿನ ಕೋಣೆಯಲ್ಲಿ ಡಬ್ಬಿ ಹಿಡಿದು ನಿಂತಾಗ ಆಯಿತು. ಸ್ವೆಟರಿನ ವಾಸನೆ ಹೋಗಿರಲಿಲ್ಲ. ಹೋದದ್ದು ನನ್ನ ಮೂಗು. ಅವಳು ಅದರಲ್ಲಿ ಇದ್ದಳು. ನಾನು ತೊಳೆದುಬಿಟ್ಟೆ.

ಕಿವಿ, ಮೂಗು, ಗಂಟಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಜ್ವರದ ಮೇಲೆ ಕೆಲವರಿಗೆ ಹೀಗಾಗುತ್ತದಂತೆ. ಬರಬಹುದು, ಬರದೆಯೂ ಇರಬಹುದು. ಚೀಟಿ ಬರೆಯುತ್ತಾರೆ ಅಂತ ಕಾದೆ. ಅವರು ಪೆನ್ನು ಮುಚ್ಚಿಟ್ಟು, "ಇದಕ್ಕೆ ಮಾತ್ರೆ ಅಂತ ಇಲ್ಲ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ನಾಲ್ಕು ಥರದ ಎಣ್ಣೆ ತಗೊಳ್ಳಿ, ಬೆಳಿಗ್ಗೆ ಸಾಯಂಕಾಲ ಮನಸ್ಸಿಟ್ಟು ಮೂಸಿ. ಮೂಗಿಗೆ ಮತ್ತೆ ಪಾಠ ಹೇಳಿಕೊಟ್ಟ ಹಾಗೆ" ಅಂದರು. ಅಷ್ಟು ದೊಡ್ಡ ಡಾಕ್ಟರ ಬಾಯಲ್ಲೂ ನಿನ್ನ ಹಾಗೆ ಎಣ್ಣೆಯ ಮಾತೇ ಕೇಳಬೇಕಾಗಿ ಬಂತು. ಯಾರ ಮುಂದೆ ಹೇಳಲಿ? ಔಷಧಿ ಅಂಗಡಿಯಲ್ಲಿ ವಿಚಾರಿಸುತ್ತೇನೆ.

ಸ್ವೆಟರಿನ ವಿಷಯ ಏನು ಹೇಳಬೇಕೋ ತಿಳಿಯುತ್ತಿಲ್ಲ.

ಅಪ್ಪ


ಮಾರ್ಚ್ 15

ಅಪ್ಪ,

ಔಷಧಿ ಅಂಗಡಿಯಲ್ಲಿ ವಿಚಾರಿಸಬೇಡ. ಅಲ್ಲಿ ಸಿಗುವ ಗುಲಾಬಿಯಲ್ಲಿ ಗುಲಾಬಿ ಬಿಟ್ಟು ಮಿಕ್ಕಿದ್ದೆಲ್ಲ ಇರುತ್ತದೆ. ನಾಲ್ಕನ್ನೂ ಇಲ್ಲಿಂದ ಕಳಿಸಿದ್ದೇನೆ.

ನಾನು ಹೇಳಿದ ಹಾಗೆ ಮಾಡು, ನಿನ್ನ ಬುದ್ಧಿ ಓಡಿಸಬೇಡ. ಮುಚ್ಚಳ ಇರುವ ಪುಟ್ಟ ಗಾಜಿನ ಡಬ್ಬಿಗಳನ್ನು ತೆಗೆದುಕೊಂಡು ಒಂದೊಂದರಲ್ಲಿ ಹತ್ತಿಯಿಟ್ಟು, ಹತ್ತಿಯ ಮೇಲೆ ಕೆಲವು ಹನಿ ಹಾಕು. ಹತ್ತಿರ ಹಿಡಿದು ಮೆಲ್ಲಗೆ ಮೂಸು, ಬಟ್ಟೆ ಮೂಸುವ ಹಾಗೆ ಸೊರ್ ಅಂತ ಎಳೆಯಬೇಡ. ಒಂದು ಆದ ಮೇಲೆ ಸ್ವಲ್ಪ ಸುಮ್ಮನಿದ್ದು ಇನ್ನೊಂದು. ಮೂಸುವಾಗ ಆ ವಸ್ತುವನ್ನು ನೆನೆಸಿಕೋ. ನಿಂಬೆಯಾದರೆ ನಿಂಬೆ ಹಿಂಡಿದಾಗ ಉಗುರಿನ ಸಂದಿಯಲ್ಲಿ ಉರಿಯುವುದು, ಹಾಗೆ. ಯಾವುದನ್ನೂ ಕುಡಿಯಬಾರದು, ಹಾಗೇ ಚರ್ಮಕ್ಕೆ ಹಚ್ಚಬಾರದು. ಇಸ್ತ್ರಿ ಮೇಜಿನ ಹತ್ತಿರ ಇಡಬೇಡ, ಬೇಗ ಬೆಂಕಿ ಹಿಡಿಯುತ್ತದೆ. ಇದು ಮದ್ದು ಅಂತ ನಾನು ಹೇಳುತ್ತಿಲ್ಲ. ಅಭ್ಯಾಸ, ಅಷ್ಟೇ. ತಿಂಗಳುಗಟ್ಟಲೆ ಹಿಡಿಯಬಹುದು. ಬರದಿದ್ದರೆ ನನ್ನ ಮೇಲೆ ಹೊರಿಸಬೇಡ. ಒಂದು ಸಲ ಹೊರಿಸಿದ್ದು ಸಾಕು.

ಗ್ಯಾಸ್ ಸೋರಿದರೆ ಕೂಗುವ ಯಂತ್ರ ಒಂದಿದೆ, ಅದನ್ನು ಅಡುಗೆಮನೆಯಲ್ಲಿ ಹಾಕಿಸು. ಹಾಕಿಸಿದೆ ಅಂತ ಗುಂಡಿ ಅಕ್ಕನ ಕೈಲಿ ನನಗೆ ಫೋನ್ ಮಾಡಿಸು, ನಿನ್ನ ಮಾತು ನಂಬುವುದಿಲ್ಲ.

ಸ್ವೆಟರಿನ ವಿಷಯ ನಾನೂ ಏನೂ ಬರೆಯಲಾರೆ. ನಿನ್ನ ಪತ್ರ ಓದಿದ ದಿನ ಅದನ್ನು ಹಾಕಿಕೊಂಡೇ ಕೆಲಸಕ್ಕೆ ಹೋದೆ.

ಮಗಳು


ಏಪ್ರಿಲ್ 21

ಮಗಳಿಗೆ,

ಯಂತ್ರ ಹಾಕಿಸಿದೆ. ಗುಂಡಿ ಅಕ್ಕ ಫೋನ್ ಮಾಡಿ ಅರ್ಧ ಗಂಟೆ ನನ್ನ ಮೇಲೆ ಚಾಡಿ ಹೇಳಿದಳಂತೆ, ಅವಳೇ ಒಪ್ಪಿಕೊಂಡಳು.

ನಾಲ್ಕು ಡಬ್ಬಿಗಳನ್ನೂ ಗಲ್ಲಾಪೆಟ್ಟಿಗೆಯ ಪಕ್ಕ ಸಾಲಾಗಿ ಇಟ್ಟಿದ್ದೇನೆ. ಮೊದಮೊದಲು ಹೀಗೆ ಮೆಲ್ಲಗೆ ಮೂಸಿದರೆ ಏನು ಬರುತ್ತೆ ಅಂತ ಲವಂಗದೆಣ್ಣೆಯನ್ನು ಬೆರಳಿಗೆ ತೆಗೆದುಕೊಂಡು ಮೂಗಿನೊಳಗೇ ಸವರಿಕೊಂಡೆ. ಬೈಯಬೇಡ, ಶಿಕ್ಷೆ ಆಗಿದೆ. ಉರಿ ತಲೆಗೇರಿತು. ಆ ಉರಿಯಲ್ಲಿ "ಬಂತು ಬಂತು" ಅಂತ ಕೂಗಿದೆ. ಗುಂಡಿ ಅಕ್ಕ ಓಡಿ ಬಂದಳು. ಬಂದದ್ದು ಉರಿ ಮಾತ್ರ. ಆಮೇಲೆ ಮೂಗು ಟೊಮೇಟೊ ಹಣ್ಣಿನ ಹಾಗೆ ಇಟ್ಟುಕೊಂಡು ಗಿರಾಕಿಗಳ ಮುಂದೆ ನಿಂತಿದ್ದೆ.

ಈಗ ಗಿರಾಕಿಗಳ ಬಟ್ಟೆ ಬಂದರೆ ಗುಂಡಿ ಅಕ್ಕನ ಕೈಗೆ ಕೊಡುತ್ತೇನೆ. ಅವಳು ಮೂಸಿ "ಬೆವರು", "ಮೀನು", "ಬೀಡಿ" ಅಂತ ಹೇಳುತ್ತಾಳೆ, ನಾನು ಅದಕ್ಕೆ ತಕ್ಕ ಹಾಗೆ ನೆನೆಸುತ್ತೇನೆ. ಕುರುಡ ಓದಿಸಿಕೊಂಡ ಹಾಗೆ. ಹೀಗೆ ಎಷ್ಟು ದಿನ ನಡೆಯುತ್ತದೋ. ಮೂಗು ಬರದಿದ್ದರೆ ಅಂಗಡಿಯನ್ನು ಯಾರಿಗಾದರೂ ಒಪ್ಪಿಸಬೇಕು. ಅದಕ್ಕೂ ಚಿಂತೆಯಿಲ್ಲ.

ಒಂದು ವಿಷಯ ಕೇಳುತ್ತೇನೆ. ಸಂಜೆ ಹೊತ್ತು ಅವಳ ಕಾಲಿಗೆ, ಸೊಂಟಕ್ಕೆ ಉಜ್ಜುತ್ತಿದ್ದೆಯಲ್ಲ, ಆ ಎಣ್ಣೆಯಲ್ಲಿ ಏನೇನಿತ್ತು? ಸುಮ್ಮನೆ ಕೇಳಿದೆ. ಹೇಳಬೇಕು ಅಂತೇನಿಲ್ಲ.

ಅಪ್ಪ


ಮೇ 28

ಅಪ್ಪ,

ನಿನ್ನ ಪತ್ರ ಬಂದು ತಿಂಗಳಾಯಿತು. ಸುಮ್ಮನೆ ಕೇಳಿದ್ದಲ್ಲ ಅದು. ಹಾಗಾಗಿ ಸುಮ್ಮನೆ ಉತ್ತರಿಸಲೂ ಆಗಲಿಲ್ಲ.

ಎಳ್ಳೆಣ್ಣೆ, ಅದಕ್ಕೆ ಸ್ವಲ್ಪ ಶುಂಠಿಯ ಎಣ್ಣೆ, ಇನ್ನೂ ಸ್ವಲ್ಪ ಲ್ಯಾವೆಂಡರ್. ಇಷ್ಟೇ ಇದ್ದದ್ದು. ನೀನು ನನ್ನ ಕೋಣೆಯ ಕಪಾಟಿನಿಂದ ಬಾಟಲಿಗಳನ್ನೆಲ್ಲ ಬಾಚಿ ತಂದು ಅಡುಗೆಮನೆಯ ಸಿಂಕಿಗೆ ಸುರಿದೆಯಲ್ಲ, ಅವುಗಳಲ್ಲಿ ವಿಷ ಏನೂ ಇರಲಿಲ್ಲ. "ನಿನ್ನ ಎಣ್ಣೆ ನಂಬ್ಕೊಂಡು ಅವಳು ಆಸ್ಪತ್ರೆಗೆ ಹೋಗೋದು ತಡ ಮಾಡಿದ್ಲು. ಈ ವಾಸನೆ ಇನ್ನು ಈ ಮನೇಲಿ ಇರಕೂಡದು" ಅಂದೆ. ಚಿಕ್ಕಮ್ಮ, ಮಾವ, ಎಲ್ಲರ ಎದುರಿಗೆ ಅಂದೆ. ವಾಸನೆ ಹೋಗಲು ನಾನೂ ಹೋಗಬೇಕಿತ್ತು, ಹೋದೆ.

ನಾನು ಆಸ್ಪತ್ರೆ ಬೇಡ ಅಂದಿರಲಿಲ್ಲ. ಉಜ್ಜುವಾಗೆಲ್ಲ ಹೇಳುತ್ತಿದ್ದೆ, "ಅಮ್ಮ, ಇದು ನೋವು ಮರೆಸತ್ತೆ ಅಷ್ಟೇ, ಒಂದ್ಸಲ ತೋರಿಸ್ಕೊಂಡು ಬರೋಣ." ಅವಳು ಕಣ್ಣು ಮುಚ್ಚಿಕೊಂಡೇ, ನನ್ನ ಮುದ್ದಿನ ಹೆಸರು ಹಿಡಿದು, "ಇವತ್ತು ಹಾಯಾಗಿದೆ ಕಣೇ ಸಾಸಿವೆ, ನಾಳೆ ನೋಡೋಣ ಬಿಡು" ಅನ್ನುತ್ತಿದ್ದಳು. ಹಾಯಾಗಿದೆ ಅಂದಾಗ ನನಗೆ ಎಷ್ಟು ಖುಷಿಯಾಗುತ್ತಿತ್ತು ಗೊತ್ತಾ? ನಾನು ಅಷ್ಟು ಚೆನ್ನಾಗಿ ಉಜ್ಜದಿದ್ದರೆ ಅವಳು ಇನ್ನೂ ಬೇಗ ಆಸ್ಪತ್ರೆಗೆ ಹೋಗುತ್ತಿದ್ದಳೋ ಏನೋ. ಇದು ನನ್ನ ತಲೆಗೆ ಬಂದಿರಲಿಲ್ಲ ಅಂದುಕೊಂಡೆಯಾ? ನೀನು ಕೂಗಿ ಹೇಳುವ ಮೊದಲೇ ಬಂದಿತ್ತು. ಇಲ್ಲಿ ಈಗಲೂ ಯಾರಾದರೂ ಮುದುಕರು "ನಿನ್ನ ಕೈಯಲ್ಲಿ ನೋವೇ ಇಲ್ಲಮ್ಮ" ಅಂದರೆ ನಾನು ಎಣ್ಣೆ ಮುಚ್ಚಿಟ್ಟು ಮೊದಲು ನರ್ಸನ್ನು ಕರೆಯುತ್ತೇನೆ. ನರ್ಸ್ ನೋಡಿ ಸರಿ ಅಂದ ಮೇಲೆಯೇ ಮತ್ತೆ ಮುಟ್ಟುತ್ತೇನೆ. ಎಲ್ಲರೂ ನನ್ನನ್ನು ಅಂಜುಬುರುಕಿ ಅನ್ನುತ್ತಾರೆ.

ಅದೇ ಎಣ್ಣೆಯನ್ನು ಮತ್ತೆ ಬೆರೆಸಿ ಒಂದು ಬಾಟಲಿ ಕಳಿಸಿದ್ದೇನೆ. ಅಮ್ಮ ಹೋದ ಮೇಲೆ ಅದನ್ನು ಬೆರೆಸಿರಲಿಲ್ಲ, ಅಳತೆ ತಪ್ಪಿ ಶುಂಠಿ ಒಂದು ಹನಿ ಜಾಸ್ತಿ ಬಿದ್ದಿರಬಹುದು. ಏತಕ್ಕೆ ಕೇಳಿದೆಯೋ ಅದಕ್ಕೆ ಇಟ್ಟುಕೋ. ದಾರಿಯಲ್ಲಿ ಒಡೆಯದಿರಲಿ ಅಂತ ನನ್ನ ಕೆಲಸದ ಹಳೆಯ ಟವೆಲ್ ಸುತ್ತಿದ್ದೇನೆ, ಹೆಗಲ ಮೇಲೇ ಇತ್ತು, ತೊಳೆಯಲು ಪುರುಸೊತ್ತಾಗಲಿಲ್ಲ. ತೊಳೆದಿಡು. ಹೇಗೂ ನಿನ್ನ ಕಸುಬು.

ಮಗಳು


ಜುಲೈ 17

ಮಗಳಿಗೆ,

ಬಾಟಲಿ ಬಂತು, ಒಡೆದಿಲ್ಲ. ಅದನ್ನು ಇನ್ನೂ ತೆಗೆದಿಲ್ಲ. ಅಲಮಾರಿನ ಮೇಲಿನ ಅರೆ ಖಾಲಿ ಇತ್ತಲ್ಲ, ಅಲ್ಲಿಟ್ಟಿದ್ದೇನೆ.

ಮೂಗಿಗೆ ಏನೋ ಆಗುತ್ತಿದೆ. ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ಸೋಪಿನ ಡಬ್ಬಿ ತೆಗೆದರೆ ರಬ್ಬರು ಸುಟ್ಟ ನಾತ. ನಿಂಬೆಯೂ ರಬ್ಬರು, ಗುಲಾಬಿಯೂ ರಬ್ಬರು, ಟೀ ಲೋಟ ಎತ್ತಿದರೆ ಅದೂ ರಬ್ಬರು. ಊಟ ಸೇರುತ್ತಿಲ್ಲ. ಡಾಕ್ಟರು, "ಒಳ್ಳೇದೇ ಆಯ್ತು, ಮೂಗು ಎದ್ದಿದೆ, ಇನ್ನೂ ನಿದ್ದೆಗಣ್ಣಲ್ಲಿದೆ, ಮೂಸೋದು ಬಿಡಬೇಡಿ" ಅಂದರು. ಲೋಕವೆಲ್ಲ ನಾರುತ್ತಿದೆ ಅಂತ ಸಂತೋಷಪಡುವ ಮನುಷ್ಯ ಈ ಬೀದಿಯಲ್ಲಿ ನಾನೊಬ್ಬನೇ. ನಿನ್ನ ಬಾಟಲಿಯನ್ನು ಈಗ ತೆಗೆದರೆ ಅದೂ ರಬ್ಬರು ನಾರುತ್ತದೆ. ಅದು ನನಗೆ ಬೇಡ. ಕಾಯುತ್ತೇನೆ.

ನೀನು ಬರೆದದ್ದನ್ನು ಓದಿದೆ. ಅವಳು ನನಗೂ "ನಾಳೆ" ಅಂತಲೇ ಅಂದಿದ್ದಳು. ಪಕ್ಕದಲ್ಲಿ ಮಲಗುತ್ತಿದ್ದವನು ನಾನು. ಎಣ್ಣೆಯ ವಾಸನೆ ಜಾಸ್ತಿ ಇದ್ದ ದಿನ ನೋವು ಜಾಸ್ತಿ ಅಂತ ನನಗೆ ತಿಳಿಯುತ್ತಿತ್ತು. ಆಗ ಮೂಗು ನೆಟ್ಟಗಿತ್ತಲ್ಲ. ಮಗ್ಗುಲಾಗಿ ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ. ಆ ವಾಸನೆ ಮನೆಯಲ್ಲಿ ಇರಬಾರದು ಅಂತ ನಾನು ಕೂಗಾಡಿದ್ದು ನಿನ್ನ ಮೇಲೆ ಮಾತ್ರ ಅಲ್ಲ.

ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಅಪ್ಪ


ಆಗಸ್ಟ್ 9

ಅಪ್ಪ,

ಇಷ್ಟು ಬರೆದೆಯಲ್ಲ, ಸಾಕು.

ಊಟ ತಣ್ಣಗೆ ಮಾಡಿ ತಿನ್ನು, ಬಿಸಿ ಇದ್ದರೆ ನಾತ ಜಾಸ್ತಿ ಅನ್ನಿಸುತ್ತದೆ. ಇಲ್ಲಿ ಒಬ್ಬ ಅಜ್ಜನಿಗೆ ಹೀಗೇ ಆಗಿತ್ತು, ಅವರು ಬರೀ ಮೊಸರು, ಸೌತೆಕಾಯಿಯ ಮೇಲೆ ಬದುಕಿದರು. ತೂಕ ಇಳಿಸಬೇಡ. ಬಾಟಲಿಗೆ ಅವಸರವಿಲ್ಲ. ಎಣ್ಣೆ ಹಳತಾಗಬಾರದು ಅಂತ ಕತ್ತಲಲ್ಲಿಡು ಅನ್ನಬೇಕೆಂದಿದ್ದೆ, ನೀನು ಆಗಲೇ ಅಲಮಾರಿನಲ್ಲಿ ಇಟ್ಟಿದ್ದೀಯ.

ಸ್ವೆಟರಿನ ವಿನಿಗರ್ ಪೂರ್ತಿ ಹೋಗಿದೆ. ಈಗ ಅದು ನನ್ನ ಥರ ಆಗುತ್ತಿದೆ. ಬೇಜಾರೋ ಸಮಾಧಾನವೋ ನನಗೇ ತಿಳಿಯದು.

ಸಾಸಿವೆ


ಅಕ್ಟೋಬರ್ 11

ಸಾಸಿವೆ,

ಮೊದಲು ಸರಿಯಾದದ್ದು ನಿಂಬೆ. ಸೆಪ್ಟೆಂಬರ್ ಶುರುವಿನಲ್ಲಿ ರಬ್ಬರಿನ ಹಿಂದಿನಿಂದ ಹುಳಿ ಇಣುಕಿತು. ಆಮೇಲೆ ನೀಲಗಿರಿ, ಆಮೇಲೆ ನನ್ನ ಮೂಗು ಸುಟ್ಟ ಲವಂಗ. ಗುಲಾಬಿ ಇನ್ನೂ ಅರೆಬರೆ. ಮೊನ್ನೆ ಮೇಷ್ಟ್ರ ಕೋಟು ಬಂತು. ಗುಂಡಿ ಅಕ್ಕ ಬಾಯಿ ತೆಗೆಯುವ ಮೊದಲೇ "ಸೀಮೆಸುಣ್ಣ, ಹೇರ್ ಆಯಿಲ್, ಒಳಗಿನ ಜೇಬಲ್ಲಿ ಪೆಪ್ಪರ್‌ಮಿಂಟ್" ಅಂದೆ. ಮೇಷ್ಟ್ರು ಜೇಬಿಗೆ ಕೈ ಹಾಕಿ ಪೆಪ್ಪರ್‌ಮಿಂಟ್ ತೆಗೆದು ನನ್ನ ಕೈಗೇ ಇಟ್ಟರು. ಗುಂಡಿ ಅಕ್ಕ ಅತ್ತಳು, ಅವಳಿಗೆ ಕೆಲಸ ಕಮ್ಮಿಯಾಯಿತಲ್ಲ ಅಂತ ನಾನು ರೇಗಿಸಿದೆ.

ಈ ಭಾನುವಾರ ಅಂಗಡಿಯ ಬಾಗಿಲು ಎಳೆದು ನಿನ್ನ ಬಾಟಲಿಯನ್ನು ಕೆಳಗಿಳಿಸಿದೆ.

ಮೊದಲು ಶುಂಠಿ ಬಂತು. ನೀನು ಹೇಳಿದ ಹಾಗೆ ಒಂದು ಹನಿ ಜಾಸ್ತಿಯೇ ಬಿದ್ದಿದೆ. ಅದರ ಹಿಂದೆ ಲ್ಯಾವೆಂಡರ್. ತಳದಲ್ಲಿ ಎಳ್ಳೆಣ್ಣೆ, ಸ್ವಲ್ಪ ಹಳತು. ಮೂರನ್ನೂ ಬೇರೆಬೇರೆಯಾಗಿ ಹಿಡಿದೆ. ಆಮೇಲೆ ಕಾದೆ. ಇನ್ನೂ ಒಂದು ಬರಬೇಕಿತ್ತು. ಸ್ವೆಟರಿನಲ್ಲಿ ಇದೇ ಎಣ್ಣೆ ಇತ್ತು, ಅದರ ಜೊತೆಗೆ ಅವಳಿದ್ದಳು. ಮತ್ತೆ ಮೂಸಿದೆ, ಮತ್ತೆ ಕಾದೆ. ಎಣ್ಣೆ ಪೂರ್ತಿ ಇದೆ, ಅವಳಿಲ್ಲ. ಇಲ್ಲದೆ ಇರುವುದು ಯಾವುದು ಅಂತ ಅಷ್ಟು ಸ್ಪಷ್ಟವಾಗಿ ತಿಳಿಯಿತು. ನನ್ನ ಮೂಗು ವಾಸಿಯಾಗಿದೆ ಅಂತ ನಾನು ನಂಬಿದ್ದು ಆಗಲೇ. ಇಸ್ತ್ರಿ ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಅವಳು ಹೋದ ದಿನ ನಾನು ಅತ್ತಿರಲಿಲ್ಲ, ನೀನು ನೋಡಿದ್ದೀಯ.

ಮುಖ ತೊಳೆದು, ಸುಮ್ಮನೆ ಕೂರಲಾಗದೆ ಬಾಕಿ ಕೆಲಸಕ್ಕೆ ಕೈಹಾಕಿದೆ. ಬುಟ್ಟಿಯ ತಳದಲ್ಲಿ ನಿನ್ನ ಟವೆಲ್ ಸಿಕ್ಕಿತು. ಬಾಟಲಿಗೆ ಸುತ್ತಿ ಕಳಿಸಿದ್ದೆಯಲ್ಲ, ತೊಳೆದಿಡು ಅಂತ. ಮರೆತೇಬಿಟ್ಟಿದ್ದೆ. ಬಕೆಟ್ಟಿಗೆ ನೀರು ಹಿಡಿದೆ, ಸೋಪು ಕದಡಿದೆ. ನೀರಿಗೆ ಹಾಕುವ ಮೊದಲು ಮೂಸುವುದು ಕೈಗೆ ಅಂಟಿದ ಅಭ್ಯಾಸ. ಮೂಸಿದೆ.

ಆರೈಕೆ ಮನೆಯ ಸೋಪು ಇತ್ತು, ಶುಂಠಿ ಇತ್ತು, ಬೆವರಿತ್ತು. ಇವೆಲ್ಲದರ ಹಿಂದೆ ನೀನಿದ್ದೆ. ಚಿಕ್ಕವಳಿದ್ದಾಗ ಜ್ವರ ಬಂದು ನನ್ನ ಹೆಗಲ ಮೇಲೆ ನಿದ್ದೆ ಮಾಡುತ್ತಿದ್ದೆಯಲ್ಲ, ಆಗ ನಿನ್ನ ಕುತ್ತಿಗೆಯ ಹತ್ತಿರ ಬರುತ್ತಿದ್ದದ್ದೇ. ಒಂದು ಚೂರೂ ಬದಲಾಗಿಲ್ಲ.

ಬಕೆಟ್ಟಿನ ನೀರನ್ನು ಚೆಲ್ಲಿದೆ. ಟವೆಲ್ಲನ್ನು ಕವರಿಗೆ ಹಾಕಿ, ಗಾಳಿ ತೆಗೆದು, ಅಲಮಾರಿನ ಮೇಲಿನ ಅರೆಯಲ್ಲಿಟ್ಟಿದ್ದೇನೆ. ತೊಳೆದಿಲ್ಲ. ಬರೀ ಹತ್ತಿಯ ಬಟ್ಟೆ ಅದು, ಉಣ್ಣೆಯಷ್ಟು ದಿನ ಹಿಡಿದಿಟ್ಟುಕೊಳ್ಳುವುದಿಲ್ಲ. ಅದು ಹೋಗುವ ಮೊದಲು ಬಾ.

ನಿನ್ನ ಅಪ್ಪ